ಮೊದಲ ಮರದ ಬೀಗರು

"ನೋಡ್ತಾ ಇರು ಅಲಮೇಲು! ಹೆಣ್ಣು ತೋರಿಸೋ ಶಾಸ್ತ್ರ ಅಂದ್ರೆ ಹೇಗಿರಬೇಕು ಅಂತ ಈ ಸಲ ಇಡೀ ಶಿಡ್ಲಘಟ್ಟಕ್ಕೆ ತೋರಿಸಿಕೊಡ್ತೀನಿ!"

ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಸತ್ಯಮೂರ್ತಿಯವರು ಈ ಭೀಷ್ಮಪ್ರತಿಜ್ಞೆ ಮಾಡಿದರು. ಪ್ರತಿಜ್ಞೆಯ ಅರ್ಧ ಭಾಗ ಹೆಂಡತಿಯ ಕಿವಿಗೆ ಬಿತ್ತು, ಉಳಿದರ್ಧ ಕನ್ನಡಿಯ ಮೇಲೆ ಬಿತ್ತು.

"ಮೊದಲು ಬಾಯಿ ಮುಕ್ಕಳಿಸಿ," ಎಂದರು ಅಲಮೇಲಮ್ಮ. "ಇಡೀ ಶಿಡ್ಲಘಟ್ಟ ಬೇಡ, ಆ ಚಿಂತಾಮಣಿಯವರಿಗೆ ಸರಿಯಾಗಿ ತೋರಿಸಿದ್ರೆ ಸಾಕು."

ಸತ್ಯಮೂರ್ತಿಯವರು ಶಿಡ್ಲಘಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರು. ಜಗತ್ತಿನಲ್ಲಿ ತಮಗೆ ಗೊತ್ತಿಲ್ಲದ ವಿಷಯವೂ ಇದೆ ಎಂಬುದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಚಂದ್ರನ ಮೇಲಿನ ಕುಳಿಗಳಿಂದ ಹಿಡಿದು ಚಟ್ನಿಗೆ ಹಾಕುವ ಹುಣಿಸೆಹಣ್ಣಿನವರೆಗೆ ಯಾವ ಮಾತು ಬಂದರೂ ಅವರು "ಅದು ಹಾಗಲ್ಲ" ಎಂದೇ ಆರಂಭಿಸುತ್ತಿದ್ದರು. ಇದರಿಂದ ಊರಿಗೆ ಅಷ್ಟೇನೂ ನಷ್ಟವಾಗಿರಲಿಲ್ಲ. ನಷ್ಟವಾದದ್ದು ಮಗಳು ಅಪೇಕ್ಷಾಗೆ. ಹಿಂದಿನ ಸಲ ಗೌರಿಬಿದನೂರಿನಿಂದ ಹೆಣ್ಣು ನೋಡಲು ಬಂದವರಿಗೆ ಅವರು ಕಾಫಿ ಬೀಜದ ಚರಿತ್ರೆ ಹೇಳಲು ಕೂತರು. ಕಾಫಿ ಬೀಜ ಅರಬ್ಬೀ ಸಮುದ್ರ ದಾಟುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಗಿ, ಆ ಜನ ಹುಡುಗಿಯ ಮುಖ ನೋಡದೆಯೇ ಎದ್ದು ಓಡಿದ್ದರು! ಆಮೇಲೆ ಅವರಿಂದ ಸುದ್ದಿಯೇ ಇಲ್ಲ.

ಈಗ ಬಂದಿರುವುದು ಚಿಂತಾಮಣಿಯ ಸಂಬಂಧ. ಹುಡುಗ ಕೇಶವ್, ಕಾಲೇಜಿನಲ್ಲಿ ಮೇಷ್ಟ್ರು. ಜಾತಕ ಕೂಡಿತ್ತು. ಹುಡುಗನ ಫೋಟೋ ಬಂದು ವಾರವಾಗಿತ್ತು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ, ಮನೆಯ ಕಪಾಟನ್ನು ಎಂದೂ ಒರೆಸದ ಅಪೇಕ್ಷಾ, ಆ ಫೋಟೋವನ್ನು ಮಾತ್ರ ಧೂಳು ಒರೆಸುವ ನೆಪದಲ್ಲಿ ದಿನಕ್ಕೆ ನಾಲ್ಕು ಸಲ ಕೈಗೆತ್ತಿಕೊಳ್ಳುತ್ತಿದ್ದಳು. ಅಲಮೇಲಮ್ಮ ಇದನ್ನು ಕಂಡೂ ಕಾಣದಂತಿದ್ದರು. ಸತ್ಯಮೂರ್ತಿಯವರು ಮಾತ್ರ ಫೋಟೋವನ್ನು ಕನ್ನಡಕವಿಲ್ಲದೆ ಒಂದು ಸಲ ನೋಡಿ, "ಮೀಸೆ ಇದೆ. ಫೋಟೋ ನೋಡಿ ಮನುಷ್ಯನ್ನ ಅಳೆಯೋನಲ್ಲ ನಾನು. ಎದುರಿಗೆ ಬಂದ್ರೆ ಒಂದೇ ನೋಟಕ್ಕೆ ಹೇಳಿಬಿಡ್ತೀನಿ," ಎಂದು ಪಕ್ಕಕ್ಕಿಟ್ಟಿದ್ದರು.

ಹುಡುಗನ ತಂದೆ ಫೋನು ಮಾಡಿದ್ದು ಶುಕ್ರವಾರ. ಉಪ್ಪಿಟ್ಟು ಕೇಸರಿಬಾತು, ಚಾಪೆಯ ಮೇಲೆ ಕೂರಿಸಿ ಹಾಡು ಹೇಳಿಸುವುದು ಇವೆಲ್ಲ ಬೇಡ, ಮಂಚೇನಹಳ್ಳಿ ಹಾದಿಯಲ್ಲಿರುವ ಸಿದ್ಧರಾಯನಕೋಟೆಯ ಅರಮನೆ ತೋಟದಲ್ಲಿ ಭಾನುವಾರ ಎಲ್ಲರೂ ಸೇರೋಣ, ಮಕ್ಕಳು ಆರಾಮಾಗಿ ಮಾತಾಡಿಕೊಳ್ಳಲಿ ಎಂದು ಅವರ ಸಲಹೆ. ಪಾಳೇಗಾರರ ಕಾಲದ ತೋಟ ಅದು. ಅರಮನೆ ಬಿದ್ದು ನಾಲ್ಕು ಗೋಡೆ ಉಳಿದಿದ್ದರೂ ನಿಂಬೆ, ಕಿತ್ತಳೆ, ಹೇರಳೆ, ಕಂಚಿ, ಚಕ್ಕೋತ ಎಂದು ಹುಳಿ ಹಣ್ಣಿನ ಸಕಲ ಕುಟುಂಬವೂ ಅಲ್ಲಿ ಇನ್ನೂ ಬೇರು ಬಿಟ್ಟುಕೊಂಡಿತ್ತು. ಎಲ್ಲ ಸರಿ, ಆದರೆ ಎಲ್ಲಿ ಸೇರುವುದು ಎಂದು ಹೇಳುವ ಹೊತ್ತಿಗೆ ಫೋನು ಕರಕರ ಎನ್ನತೊಡಗಿತು.

"ಮೊದಲ ಮರದ ಕೆಳಗೆ ಇರ್ತಾರಂತೆ," ಎಂದು ಸತ್ಯಮೂರ್ತಿಯವರು ರಿಸೀವರ್ ಇಟ್ಟರು.

ಅಲಮೇಲಮ್ಮನಿಗೆ ಅನುಮಾನ. "ಮೊದಲ ಮರ ಅಂದ್ರೋ, ಮಾದಲ ಮರ ಅಂದ್ರೋ? ಆ ತೋಟದಲ್ಲಿ ಮಾದಲದ ಹಣ್ಣಿನ ಮರ ಇದೆ ಅಂತಾರೆ ಕಣ್ರೀ. ದಪ್ಪ ಸಿಪ್ಪೆದು, ತೆಂಗಿನಕಾಯಿ ಗಾತ್ರದ ಹಣ್ಣಂತೆ."

"ಮೂವತ್ತು ವರ್ಷದಿಂದ ಮೇಲಧಿಕಾರಿಗಳ ಬೈಗುಳನ ಇಂಥ ಫೋನಿನಲ್ಲೇ ಕೇಳಿಸಿಕೊಂಡಿರೋ ಕಿವಿ ಕಣೇ ಇದು! ಒಂದಕ್ಷರ ತಪ್ಪಲ್ಲ. ಮೊದಲ ಅಂದ್ರೆ ಮೊದಲ!"

ಭಾನುವಾರ ಬೆಳಿಗ್ಗೆ ಮೂವರೂ ಹೊರಟರು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಗೌರಿಬಿದನೂರಿನ ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡಿ, ಕೋಟೆ ಗೇಟಿನಲ್ಲಿ ಇಳಿದರು. ಸತ್ಯಮೂರ್ತಿಯವರು ಬಿಳಿ ಷರ್ಟು, ಖಾಕಿ ಬಣ್ಣದ ಪ್ಯಾಂಟು ಹಾಕಿ, ಕಂಕುಳಲ್ಲಿ ಉದ್ದನೆಯ ಛತ್ರಿ ಸಿಕ್ಕಿಸಿಕೊಂಡಿದ್ದರು. ಕೈಯಲ್ಲಿ ಬೀಗರಿಗಾಗಿ ಅಲಮೇಲಮ್ಮ ಎರಡು ದಿನ ಕೂತು ಕರಿದ ಕೋಡುಬಳೆ, ಕೊಬ್ಬರಿ ಮಿಠಾಯಿಯ ಡಬ್ಬಿ. ಅಪೇಕ್ಷಾ ಎಲೆಹಸಿರು ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು:

"ಅಪ್ಪ, ದಯವಿಟ್ಟು ಕಾಫಿ ವಿಷಯ ಎತ್ತಬೇಡಿ."

"ಛೇ, ಇವತ್ತು ಕಾಫಿ ಎಲ್ಲಿಂದ ಬರುತ್ತಮ್ಮ? ಇವತ್ತು ಬರೀ ನಿಂಬೆ!"

ಮಗಳು ನಿಟ್ಟುಸಿರು ಬಿಟ್ಟಳು.

ಟಿಕೆಟ್ಟು ಹರಿಸಿಕೊಂಡು ಒಳಗೆ ಕಾಲಿಟ್ಟ ಕೂಡಲೇ ಮೊದಲ ಮರದ ಸಮಸ್ಯೆ ಎದುರಾಯಿತು. ಗೇಟಿನ ಪಕ್ಕದಲ್ಲೇ ಇದ್ದದ್ದು ಬೇವಿನ ಮರ!

"ಇದು ಲೆಕ್ಕಕ್ಕಿಲ್ಲ," ಎಂದು ಸತ್ಯಮೂರ್ತಿಯವರು ತೀರ್ಪು ಕೊಟ್ಟರು. "ಇದು ಹುಳಿ ಹಣ್ಣಿನ ತೋಟ. ಹುಳಿ ಜಾತಿಯ ಮೊದಲನೇ ಮರ ಅಂದ್ರೆ ಅಗೋ, ಆ ಹೇರಳೆ ಮರ."

ಅಲಮೇಲಮ್ಮ ಹತ್ತಿರ ಹೋಗಿ ಕೆಳಗೆ ಬಿದ್ದಿದ್ದ ಎಲೆಯೊಂದನ್ನು ಹಿಸುಕಿ ಮೂಸಿದರು. "ಹೇರಳೆ ಅಲ್ಲ ಕಣ್ರೀ, ಇದು ಕಂಚಿ."

"ಕಂಚಿಯೋ ಕಾಶಿಯೋ! ಮೊದಲನೇದು ಇದೇ ತಾನೇ?"

ಅಷ್ಟರಲ್ಲಿ ಕಾವಲುಗಾರ ಮುನಿವೆಂಕಟಪ್ಪ ಅಲ್ಲೇ ಹಾದುಹೋದ. ಅವನನ್ನು ನಿಲ್ಲಿಸಿ, "ಏನಪ್ಪಾ, ಈ ತೋಟದ ಮೊದಲ ಮರ ಯಾವುದು?" ಎಂದು ಕೇಳಿದರು.

ಮುನಿವೆಂಕಟಪ್ಪ ತಲೆ ಕೆರೆದುಕೊಂಡ. "ಯಾವ ಗೇಟಿಂದ ಸಾರ್?"

"ಇನ್ನೊಂದು ಗೇಟಿದೆಯಾ?"

"ಹಿಂದ್ಗಡೆ ಐತೆ. ಗೌರಿಬಿದನೂರು ಕಡೆಯಿಂದ ಬರೋರು ಅದ್ರಲ್ಲೇ ಬರ್ತಾರೆ. ಅಲ್ಲಿಂದ ಮೊದಲನೇದು ಬೇರೆ. ಇಲ್ಲಿಂದ ಮೊದಲನೇದು ಅಲ್ಲಿಂದ ಕಡೇದು."

ಯಾವುದೇ ಬೇರೆ ಮನುಷ್ಯನಾಗಿದ್ದರೆ ಈ ಮಾತಿಗೆ ಗಾಬರಿಯಾಗುತ್ತಿದ್ದ. ಸತ್ಯಮೂರ್ತಿಯವರು ಛತ್ರಿಯನ್ನು ಕತ್ತಿಯಂತೆ ಹಿರಿದು, ಕೋಟೆಗೆ ಮುತ್ತಿಗೆ ಹಾಕುವ ಸೇನಾಪತಿಯಂತೆ ವ್ಯೂಹ ರಚಿಸಿಯೇಬಿಟ್ಟರು.

"ನೀವಿಬ್ರೂ ಹಿಂದಿನ ಗೇಟಿನ ಮೊದಲ ಮರಕ್ಕೆ ಹೋಗಿ. ನಾನು ಈ ಗೇಟಿನ ಮೊದಲ ಮರದ ಹತ್ರ ಇರ್ತೀನಿ. ಯಾವ ಕಡೆಯಿಂದ ನುಗ್ಗಿದ್ರೂ ತಪ್ಪಿಸಿಕೊಳ್ಳೋಕಾಗಲ್ಲ!"

"ಅವರೇನು ಕಳ್ಳರೇನ್ರೀ, ತಪ್ಪಿಸಿಕೊಳ್ಳೋಕೆ?" ಎಂದು ಗೊಣಗುತ್ತ ಅಲಮೇಲಮ್ಮ ಮಗಳನ್ನು ಕರೆದುಕೊಂಡು ಹೋದರು. ಕೋಡುಬಳೆ ಡಬ್ಬಿ ಸೇನಾಪತಿಯ ಬಳಿಯೇ ಉಳಿಯಿತು.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಗೇಟಿನಿಂದ ಮೂವರು ಒಳಗೆ ಬಂದರು: ಇಸ್ತ್ರಿ ಹಾಕಿದ ಷರ್ಟಿನ ಒಬ್ಬ ಹಿರಿಯರು, ರೇಷ್ಮೆ ಸೀರೆಯುಟ್ಟು ಕನಕಾಂಬರ ಮುಡಿದ ಅವರ ಹೆಂಡತಿ, ಮತ್ತೊಬ್ಬ ತರುಣ. ತರುಣನಿಗೆ ಮೀಸೆ ಇತ್ತು!

ಒಂದೇ ನೋಟ! ಸತ್ಯಮೂರ್ತಿಯವರು ಧಾವಿಸಿದರು. "ಬನ್ನಿ ಬನ್ನಿ! ನಿಮಗೋಸ್ಕರನೇ ಕಾಯ್ತಾ ಇದ್ದೆ!"

ಬಂದವರು ಬೀಗರಲ್ಲ. ಅವರು ಆವುಲಪ್ಪ, ಹೆಂಡತಿ ವೆಂಕಟರತ್ನಮ್ಮ, ಮಗ ಭಾನುಪ್ರಕಾಶ್. ಸಾದಲಿಯ ಈ ಸಂಸಾರ ಭಾನುವಾರ ತೋಟ ನೋಡಲೆಂದು ಬಂದಿತ್ತು, ಅಷ್ಟೆ. ಟಿಕೆಟ್ಟು ಕೊಡುವವನು, "ಒಳಗೆ ಒಬ್ರು ನಿಂತಿರ್ತಾರೆ, ಅವ್ರೇ ಎಲ್ಲಾ ತೋರಿಸ್ತಾರೆ," ಎಂದು ಹೇಳಿ ಕಳಿಸಿದ್ದ. ಒಳಗೆ ಬಂದರೆ ಬಿಳಿ ಷರ್ಟು, ಖಾಕಿ ಪ್ಯಾಂಟು, ಕೈಯಲ್ಲಿ ಛತ್ರಿ! ಇನ್ನೇನು ಬೇಕು?

"ನೀವೇನಾ ತೋಟ ತೋರಿಸೋರು?" ಎಂದರು ಆವುಲಪ್ಪ.

ಬೀಗರಿಗೆ ಮೊದಲು ತೋಟ ನೋಡುವ ಆಸೆ! ಸತ್ಯಮೂರ್ತಿಯವರ ಎದೆ ಚಕ್ಕೋತದಂತೆ ಉಬ್ಬಿತು. "ನಾನೇ! ನನ್ನ ಬಿಟ್ರೆ ಇನ್ಯಾರು ತೋರಿಸ್ತಾರೆ?"

"ಎಷ್ಟು ಕೊಡಬೇಕು?"

ಸತ್ಯಮೂರ್ತಿಯವರು ಬೆಚ್ಚಿದರು. ಇದೇನು, ಇನ್ನೂ ಕೂತೇ ಇಲ್ಲ, ಕೊಡುವ ತೆಗೆದುಕೊಳ್ಳುವ ಮಾತು! ಅದೂ ಗಂಡಿನ ಕಡೆಯವರೇ ಎಷ್ಟು ಕೊಡಬೇಕು ಎನ್ನುತ್ತಿದ್ದಾರೆ! ಮಾತು ಹೇಗೆ ತಿರುಗಿದರೂ ತಮ್ಮ ತತ್ವವನ್ನು ಮೊದಲೇ ಹೇಳಿಬಿಡುವುದು ಕ್ಷೇಮವೆನ್ನಿಸಿತು.

"ಛೆ ಛೆ! ನಮ್ಮಲ್ಲಿ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ."

"ಪುಗಸಟ್ಟೆನಾ!" ಆವುಲಪ್ಪ ಹೆಂಡತಿಯ ಕಡೆ ತಿರುಗಿದರು. "ನೋಡ್ದೇನೇ? ಇಂಥ ಧರ್ಮಾತ್ಮರೂ ಇದಾರೆ ಇನ್ನ."

ಎಂಥ ಸಂಸ್ಕಾರವಂತರು ಎಂದುಕೊಂಡರು ಸತ್ಯಮೂರ್ತಿಯವರು. ಅಲ್ಲಿಂದ ಮೆರವಣಿಗೆ ಹೊರಟಿತು. ಬೀಗರಿಗೆ ಬೆನ್ನು ತೋರಿಸುವುದು ಮರ್ಯಾದೆಯಲ್ಲವೆಂದು ಅವರು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ, ಛತ್ರಿಯಿಂದ ಎಡಬಲ ತೋರಿಸುತ್ತ ನಡೆದರು. ಮುಂದೇನಿದೆ ಎಂದು ಕಾಣುತ್ತಿರಲಿಲ್ಲ. ಚರಿತ್ರೆ ಹೇಳುವವರಿಗೆ ಹಿಂದಿನದು ಕಂಡರೆ ಸಾಕಲ್ಲವೇ!

"ಇದು ಸಿದ್ಧರಾಯನ ಪಟ್ಟದ ರಾಣಿ ಕೈಯಾರ ನೆಟ್ಟ ಕಿತ್ತಳೆ."

"ಕಾಯಿ ನೋಡಿದ್ರೆ ನಿಂಬೆ ಥರ ಐತಲ್ಲ," ಎಂದ ಭಾನುಪ್ರಕಾಶ್.

"ಅದು ಹಾಗಲ್ಲ. ಕಿತ್ತಳೇನೇ. ವಯಸ್ಸಾಗಿದೆ, ಅದಕ್ಕೇ ಕುಗ್ಗಿದೆ."

"ಅರಸರು ಇಷ್ಟೊಂದು ಹುಳಿ ಹಣ್ಣು ಏನ್ಮಾಡ್ತಿದ್ರು?" ಎಂದು ವೆಂಕಟರತ್ನಮ್ಮ ಕೇಳಿದರು.

"ಯುದ್ಧಕ್ಕೆ, ತಾಯಿ! ಶತ್ರುಗಳು ಗೋಡೆ ಹತ್ತೋವಾಗ ಮೇಲಿಂದ ಕಣ್ಣಿಗೆ ರಸ ಹಿಂಡ್ತಿದ್ರು!" ಈ ಚರಿತ್ರೆ ಅದೇ ಕ್ಷಣದಲ್ಲಿ ಹುಟ್ಟಿದ್ದು. ಹುಟ್ಟಿದ ಮೇಲೆ ಅವರಿಗೂ ನಿಜವೆನ್ನಿಸಿತು. ವೆಂಕಟರತ್ನಮ್ಮ ಕಣ್ಣು ಉಜ್ಜಿಕೊಂಡರು.

ಹೀಗೆ ಹೇಳುತ್ತ ಹೇಳುತ್ತ ಸತ್ಯಮೂರ್ತಿಯವರ ಬಲಗಾಲು, ಆಗ ತಾನೇ ನೀರು ಬಿಟ್ಟಿದ್ದ ಮರದ ಪಾತಿಯೊಳಕ್ಕೆ ಮೊಣಕಾಲುದ್ದ ಇಳಿಯಿತು. ಭಾನುಪ್ರಕಾಶ್ ತಟ್ಟನೆ ಬಂದು ಎತ್ತಿದ. ಎಂಥ ವಿನಯ! ಎಂಥ ತೋಳ್ಬಲ! ಕೆಸರು ಕಾಲನ್ನು ಝಾಡಿಸುತ್ತಲೇ ಭಾವಿ ಅಳಿಯನನ್ನು ಪರೀಕ್ಷಿಸಲು ಇದೇ ಸಮಯವೆಂದು ಅವರು ನಿಶ್ಚಯಿಸಿದರು.

"ನೀವು ಯಾವ ವಿಷಯದಲ್ಲಿ ಇರೋದಪ್ಪಾ?"

"ಭೂಮಿ ವಿಷಯ ಸಾರ್. ಎಷ್ಟು ಆಳಕ್ಕೆ ಹೋದ್ರೆ ನೀರು, ಎಲ್ಲಿ ಕಲ್ಲು ಸಿಗ್ತದೆ, ಎಲ್ಲಾ ಹೇಳಿಬಿಡ್ತೀನಿ."

"ಓಹೋ, ಭೂಗೋಳ!"

"ಹೂಂ ಸಾರ್. ಎರಡು ಬೋರ್‌ವೆಲ್ ಲಾರಿ ಮಡಗಿದೀನಿ."

ಸತ್ಯಮೂರ್ತಿಯವರು ಕ್ಷಣಕಾಲ ತಬ್ಬಿಬ್ಬಾದರು. ಕಾಲೇಜು ಮೇಷ್ಟ್ರಿಗೆ ಬೋರ್‌ವೆಲ್ ಲಾರಿ ಯಾಕೆ? ಆಮೇಲೆ ಹೊಳೆಯಿತು. ಈಗಿನ ಕಾಲದಲ್ಲಿ ಎಲ್ಲವನ್ನೂ ಪ್ರಾಯೋಗಿಕವಾಗಿ ಕಲಿಸುತ್ತಾರಲ್ಲ! ಪಾಠಕ್ಕೆ ಪಾಠ, ನೀರಿಗೆ ನೀರು. ತಮ್ಮ ಕಾಲದ ಭೂಗೋಳದ ಮೇಷ್ಟ್ರು ಒಂದು ಹರಿದ ಭೂಪಟದಲ್ಲಿ ಜೀವನ ಕಳೆದದ್ದು ನೆನಪಾಗಿ ಅವರಿಗೆ ಮರುಕ ಹುಟ್ಟಿತು.

"ಚಿಂತಾಮಣಿಯಿಂದ ಬರೋದು ಕಷ್ಟ ಆಯ್ತೇನೋ?" ಎಂದು ಆವುಲಪ್ಪನವರನ್ನು ವಿಚಾರಿಸಿದರು.

"ಚಿಂತಾಮಣಿ ಯಾಕೆ? ನಾವು ಸಾದಲಿಯಿಂದ ಬಂದಿದ್ದು."

ಮತ್ತೆ ಗಲಿಬಿಲಿ. ಚಿಂತಾಮಣಿಯವರು ಸಾದಲಿಯಿಂದ ಹೇಗೆ ಬಂದರು? ಬಹುಶಃ ಮೂಲ ಊರು. ಶುಭಕಾರ್ಯಕ್ಕೆ ಹೊರಡುವವರು ಮೂಲ ಊರಿನ ಮನೆದೇವರಿಗೆ ಕೈ ಮುಗಿದು ಬಂದಿರಬೇಕು. ಸಂಪ್ರದಾಯಸ್ಥರು!

ಕಲ್ಯಾಣಿಯ ಮೆಟ್ಟಿಲ ಮೇಲೆ ಕೂರಿಸಿ ಡಬ್ಬಿ ಬಿಚ್ಚಿದರು. ಅಲಮೇಲಮ್ಮನ ಕೋಡುಬಳೆ ಕಂಡು ಆವುಲಪ್ಪನವರ ಕಣ್ಣರಳಿತು.

"ಟಿಕೆಟ್ಟಿಗೆ ಕೋಡುಬಳೆನೂ ಸೇರಿಸವ್ರೆ ಅಂದ್ರೆ ಸರ್ಕಾರ ಶಾನೆ ಸುಧಾರಿಸಿದೆ ಕಣಪ್ಪ."

ಬೀಗರು ಎಷ್ಟು ತಮಾಷೆಯವರು! ಸತ್ಯಮೂರ್ತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆವುಲಪ್ಪನವರಿಗೆ ತಾವೇನು ನಗುವಂಥದ್ದು ಹೇಳಿದೆವೆಂದು ತಿಳಿಯಲಿಲ್ಲ. ಆದರೂ ಮರ್ಯಾದೆಗೆ ನಕ್ಕರು. ಕೊಬ್ಬರಿ ಮಿಠಾಯಿಗೂ ಅದೇ ಗತಿ ಬಂತು. ಡಬ್ಬಿ ಬರಿದಾಯಿತು.

"ನಿಮ್ಮ ಹುಡುಗನಿಗೆ ಊಟದಲ್ಲಿ ಏನು ಇಷ್ಟ, ತಾಯಿ?" ಮಗಳಿಗೆ ಮುಂದೆ ಉಪಯೋಗಕ್ಕೆ ಬಂದೀತೆಂದು ಕೇಳಿದರು.

"ಮುದ್ದೆ, ನಾಟಿ ಕೋಳಿ ಸಾರು. ಭಾನುವಾರ ಅದಿಲ್ದಿದ್ರೆ ಮನೇನೇ ಎತ್ತಾಕ್ತಾನೆ."

ಸತ್ಯಮೂರ್ತಿಯವರ ಗಂಟಲಿನಲ್ಲಿ ಕೋಡುಬಳೆಯ ಕೊನೆಯ ತುಂಡು ಅಡ್ಡಡ್ಡ ನಿಂತಿತು. ಹುಡುಗನ ತಾತ ವೇದಪಾಠಶಾಲೆ ನಡೆಸುತ್ತಿದ್ದರೆಂದು ಜಾತಕ ತಂದವರು ಹೇಳಿದ್ದರಲ್ಲ! ವೇದ ಎಲ್ಲಿ, ನಾಟಿ ಕೋಳಿ ಎಲ್ಲಿ! ಎದ್ದು ಹೋಗಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ನಿಂತು, ಸೀರೆಯ ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದ ಮಗಳ ಮುಖ ಕಣ್ಣ ಮುಂದೆ ಬಂತು. ಆ ಗೌರಿಬಿದನೂರಿನವರು ಓಡಿಹೋದ ದಿನ ಅವಳು ಯಾರಿಗೂ ಒಂದು ಮಾತೂ ಹೇಳದೆ, ಉಡಿಸಿದ್ದ ಸೀರೆಯನ್ನು ತಾನೇ ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಸತ್ಯಮೂರ್ತಿಯವರು ನೀರು ಕುಡಿದು ಕೋಡುಬಳೆಯನ್ನೂ ಶಾಸ್ತ್ರವನ್ನೂ ಒಟ್ಟಿಗೇ ನುಂಗಿಕೊಂಡರು.

"ಇರಲಿ. ಕಾಲ ಬದಲಾಗಿದೆ. ಬೇರೆ ಪಾತ್ರೆ ಇಟ್ಟುಕೊಂಡ್ರಾಯ್ತು," ಎಂದರು ನಿಧಾನವಾಗಿ.

"ಯಾವ ಪಾತ್ರೆ?" ಎಂದರು ವೆಂಕಟರತ್ನಮ್ಮ. ಆಮೇಲೆ ಗಂಡನ ಕಡೆ ಬಾಗಿ, "ಏಮಯ್ಯಾ ಇದಿ! ಮರ ತೋರಿಸು ಅಂದ್ರೆ ಮನೆ ಪಾತ್ರೆ ವಿಚಾರಿಸ್ತಾನೆ," ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗೊಣಗಿದರು.

ಅದು ಕಿವಿಗೆ ಬಿದ್ದರೂ ಸತ್ಯಮೂರ್ತಿಯವರು ಅತ್ತೆಯಾಗುವವರ ಸಹಜ ಬಿಗುಮಾನವೆಂದು ಬಗೆದು, ಮತ್ತೆ ಅವರನ್ನೆಬ್ಬಿಸಿ ತೋಟದ ಸುತ್ತ ಇನ್ನೊಂದು ಪ್ರದಕ್ಷಿಣೆ ಹಾಕಿಸಿದರು. ಒಂದಲ್ಲ, ಎರಡು. ಎರಡನೆಯದು ಮುಗಿಯುವಾಗ ನೆನಪಾಯಿತು, ಹಿಂದಿನ ಗೇಟಿನ ಬಳಿ ಹೆಂಡತಿ ಮಗಳು ಇರಬೇಕಿತ್ತು. ಅಲ್ಲಿನ ಮೊದಲ ಮರದ ಕೆಳಗೆ ಒಂದು ನಾಯಿ ಮಲಗಿತ್ತು, ಅಷ್ಟೆ. ಈಗ ಅವರ ಗೊಂದಲಕ್ಕೆ ಭಯವೂ ಸೇರಿತು. ಬೀಗರು ಕೈಯಲ್ಲಿದ್ದಾರೆ, ಹುಡುಗಿ ಕಾಣೆ! ಎಲ್ಲಕ್ಕಿಂತ ವಿಚಿತ್ರವೆಂದರೆ ಇಷ್ಟು ಹೊತ್ತಾದರೂ ಇವರ ಪೈಕಿ ಒಬ್ಬರೂ ಹುಡುಗಿ ಎಲ್ಲಿ ಎಂದು ಕೇಳಿರಲಿಲ್ಲ. ಹುಡುಗನಂತೂ ಗಡಿಯಾರ ನೋಡುತ್ತಿದ್ದ. ಗಡಿಯಾರ! ಗೌರಿಬಿದನೂರಿನವರೂ ಓಡುವ ಮುಂಚೆ ಹೀಗೇ ನೋಡಿದ್ದರು!

ಸತ್ಯಮೂರ್ತಿಯವರು ತಡೆಯಲಾರದೆ ಕೇಳಿಯೇಬಿಟ್ಟರು.

"ಮತ್ತೆ, ಹುಡುಗೀನ ಯಾವಾಗ ನೋಡ್ತೀರಿ?"

ಆವುಲಪ್ಪ ಅತ್ತಿತ್ತ ನೋಡಿದರು. "ಯಾವ ಹುಡುಗಿ?"

"ನಿಮ್ಮ ಹುಡುಗನಿಗೆ ಹುಡುಗಿ!"

"ನನ್ನ ಮಗನಿಗಾ?" ವೆಂಕಟರತ್ನಮ್ಮ ಎರಡು ಹೆಜ್ಜೆ ಮುಂದೆ ಬಂದರು. "ನನ್ನ ಮಗನಿಗೆ ಆಗ್ಲೇ ಹೆಂಡ್ತಿ ಅವ್ಳೆ! ಬಾಣಂತನಕ್ಕೆ ತೌರಿಗೆ ಹೋಗವ್ಳೆ!"

ಸತ್ಯಮೂರ್ತಿಯವರ ಕೈಯಿಂದ ಛತ್ರಿ ಬಿತ್ತು. ನಾಟಿ ಕೋಳಿಯನ್ನು ನುಂಗಿಕೊಂಡಿದ್ದರು, ಬೋರ್‌ವೆಲ್ ಲಾರಿಯನ್ನು ನುಂಗಿಕೊಂಡಿದ್ದರು. ಇದನ್ನು ನುಂಗುವುದು ಹೇಗೆ?

"ಹೆಂಡ್ತಿ ಇರೋ ಹುಡುಗನ್ನ ಕರ್ಕೊಂಡು ಹೆಣ್ಣು ನೋಡೋಕೆ ಬಂದಿದೀರಾ! ಅದೂ ಬಾಣಂತಿ! ನಾಚಿಕೆ ಆಗಲ್ವೇನ್ರೀ ನಿಮಗೆ?"

"ನಮಗೆ ನಾಚಿಕೆನಾ!" ವೆಂಕಟರತ್ನಮ್ಮನ ದನಿ ಕೋಟೆ ಗೋಡೆಗೆ ಬಡಿದು ವಾಪಸು ಬಂತು. "ಗೈಡ್ ವೇಷ ಹಾಕ್ಕೊಂಡು ಮದುವೆ ದಲ್ಲಾಳಿ ಕೆಲಸ ಮಾಡ್ತೀಯಾ? ಅದ್ಕೇ ಪುಗಸಟ್ಟೆ ತೋರಿಸ್ತಿದ್ದಾ? ಅದ್ಕೇ ಕೋಡುಬಳೆ ತಿನ್ನಿಸಿದ್ದಾ? ವಾಚ್‌ಮ್ಯಾನ್! ಏ ವಾಚ್‌ಮ್ಯಾನ್!"

"ಗೈಡಾ? ಯಾರು ಗೈಡು?" ಸತ್ಯಮೂರ್ತಿಯವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

ಮುನಿವೆಂಕಟಪ್ಪ ಓಡಿ ಬಂದ. ತೋಟ ನೋಡಲು ಬಂದಿದ್ದ ಜನವೆಲ್ಲ ಮರ ಬಿಟ್ಟು ಇವರನ್ನು ನೋಡತೊಡಗಿದರು.

"ಯಾರು ಸಾರ್ ನೀವು? ನಮ್ಮ ಗೈಡು ನಲ್ಲಪ್ಪ ಇವತ್ತು ಬಂದಿಲ್ಲ."

"ನಾನು ಹುಡುಗಿ ತಂದೆ ಕಣಯ್ಯಾ!"

"ಯಾವ ಹುಡುಗಿ?"

"ಮೊದಲ ಮರ... ಚಿಂತಾಮಣಿಯವರು... ಮೊದಲ ಮರದ ಕೆಳಗೆ ಇರ್ತೀವಿ ಅಂದಿದ್ರು..." ಎಂದು ತೊದಲಿದರು.

"ಮಾದಲ ಮರದ ಕೆಳಗಾ?" ಎಂದ ಮುನಿವೆಂಕಟಪ್ಪ. "ಅದನ್ನ ಮೊದ್ಲೇ ಹೇಳ್ಬಾರ್ದಾ? ಅಲ್ಲೊಂದು ಪಾರ್ಟಿ ಹತ್ತೂವರೆಯಿಂದ ಕೂತೈತೆ. ಹುಡುಗಿ ಹಸಿರು ಸೀರೆ."

ಸತ್ಯಮೂರ್ತಿಯವರು ಆವುಲಪ್ಪನವರನ್ನು ನೋಡಿದರು. ಆವುಲಪ್ಪನವರು ಸತ್ಯಮೂರ್ತಿಯವರನ್ನು ನೋಡಿದರು. ಮೊದಲು ಅರ್ಥವಾದದ್ದು ಆವುಲಪ್ಪನವರಿಗೆ. ಅವರು ಭಾನುಪ್ರಕಾಶನ ಹೆಗಲು ಹಿಡಿದುಕೊಂಡು ನಕ್ಕ ನಗೆಗೆ ಗಿಡದಲ್ಲಿದ್ದ ಗಿಳಿಗಳೆಲ್ಲ ಎದ್ದವು.

"ಅಯ್ಯೋ ಸಾಮಿ! ಇಷ್ಟೊತ್ತು ನಮ್ಮನ್ನ ಬೀಗರು ಅಂದ್ಕೊಂಡಿದ್ರಾ? ನಾವೂ ಯೋಚ್ನೆ ಮಾಡಿದ್ವಿ, ಈ ಗೈಡು ಯಾಕೆ ಇಷ್ಟೊಂದು ಮರ್ಯಾದೆ ಕೊಡ್ತಾನೆ ಅಂತ! ಹೋಗಿ, ಹೋಗಿ, ಮಗಳ ಕೆಲಸ ಕೆಡಿಸ್ಕೋಬೇಡಿ."

ಕೋಡುಬಳೆ ತಿಂದ ತಪ್ಪಿಗೋ, ಕೂಗಾಡಿದ ತಪ್ಪಿಗೋ, ವೆಂಕಟರತ್ನಮ್ಮ ತಮ್ಮ ಮುಡಿಯ ಕನಕಾಂಬರದಲ್ಲಿ ಒಂದು ತುಂಡು ಹರಿದು ಖಾಲಿ ಡಬ್ಬಿಯೊಳಗಿಟ್ಟರು. "ಬರೀ ಡಬ್ಬಿ ತಗೊಂಡು ಹೋಗ್ಬಾರ್ದು. ಹುಡುಗಿಗೆ ಮುಡಿಸು. ಒಳ್ಳೇದಾಗ್ಲಿ."

ಸತ್ಯಮೂರ್ತಿಯವರು ಓಡಿದರು. ಜೀವನದಲ್ಲಿ ಮೊದಲ ಬಾರಿಗೆ ಅವರ ತಲೆಯಲ್ಲಿ ಹೇಳಲು ಏನೂ ಇರಲಿಲ್ಲ. ಬೀಗರು ಎಷ್ಟು ಹೊತ್ತು ಕಾದರೋ, ಏನೆಂದುಕೊಂಡರೋ, ಅಪ್ಪನೇ ಇಲ್ಲದ ಹೆಣ್ಣನ್ನು ನೋಡಿ ಎದ್ದು ಹೋದರೋ! ಅಪೇಕ್ಷಾ ಮತ್ತೆ ಸೀರೆ ಮಡಚಿಡುವ ಚಿತ್ರ ಕಣ್ಣ ಮುಂದೆ ಬಂದು ಅವರ ಕಾಲು ಇನ್ನಷ್ಟು ಜೋರಾಯಿತು.

ಕಲ್ಯಾಣಿಯ ಆಚೆ, ಮೋಟು ಗೋಡೆಯ ಪಕ್ಕದಲ್ಲಿ ಆ ಮರ ಇತ್ತು. ಅಷ್ಟೇನೂ ಎತ್ತರವಿಲ್ಲದ ಮುಳ್ಳು ಮರ. ಕೊಂಬೆಗಳು ಹಣ್ಣಿನ ಭಾರಕ್ಕೆ ನೆಲ ಮುಟ್ಟುತ್ತಿದ್ದವು. ಕೆಳಗೆ ಹಾಸಿದ ಜಮಖಾನೆಯ ಮೇಲೆ, ಹಿಂದಿನ ಗೇಟಿಗೆ ಹೋಗುವ ದಾರಿಯಲ್ಲೇ ಬೀಗರನ್ನು ಕಂಡುಕೊಂಡಿದ್ದ ಅಲಮೇಲಮ್ಮ ಹುಡುಗನ ತಾಯಿ ಅನಸೂಯಮ್ಮನವರ ಜೊತೆ ಮಾದಲದ ಸಿಪ್ಪೆಗೆ ಎಷ್ಟು ಉಪ್ಪು ಹಿಡಿಯುತ್ತದೆಂದು ಚರ್ಚಿಸುತ್ತಿದ್ದರು. ಅನಸೂಯಮ್ಮನವರ ಯಜಮಾನರು ಕಡಲೆಕಾಯಿ ಬಿಡಿಸುತ್ತಿದ್ದರು. ತುಸು ದೂರದಲ್ಲಿ, ಗೋಡೆಯ ಮೇಲೆ, ಕೇಶವ್ ಮತ್ತು ಅಪೇಕ್ಷಾ ಕೂತಿದ್ದರು. ಅಪೇಕ್ಷಾ ಏನೋ ಹೇಳಿ ನಗುತ್ತಿದ್ದಳು. ಕೇಶವ್‌ಗೆ ನಿಜಕ್ಕೂ ಮೀಸೆ ಇತ್ತು.

ಒಂದು ಕಾಲಿಗೆ ಕೆಸರು, ಕೈಯಲ್ಲಿ ಬರಿದಾದ ಡಬ್ಬಿ ಹಿಡಿದು ಏದುಸಿರು ಬಿಡುತ್ತ ನಿಂತ ಆಕೃತಿಯನ್ನು ನೋಡಿ ಹುಡುಗನ ತಂದೆ ಕೈಮುಗಿದು ಎದ್ದರು.

"ಬನ್ನಿ ಬನ್ನಿ! ನಮ್ಮ ಕಡೆಯಿಂದ ಸಂಪೂರ್ಣ ಒಪ್ಪಿಗೆ. ಮಕ್ಕಳೂ ಒಪ್ಪಿದ್ದಾರೆ. ಎಲ್ಲಾ ಮಾತು ಮುಗೀತು."

"ಮುಗೀತಾ?" ಸತ್ಯಮೂರ್ತಿಯವರಿಗೆ ಸಂತೋಷಪಡಬೇಕೋ ಮುನಿಸಿಕೊಳ್ಳಬೇಕೋ ತಿಳಿಯಲಿಲ್ಲ. "ಅಲಮೇಲು, ನಾನು ತೋಟದಲ್ಲಿ ಸುತ್ತುತ್ತಾ ಇದ್ದದ್ದು ನೀನು ನೋಡಲಿಲ್ವಾ?"

"ನೋಡದೆ ಏನು? ಮೂರು ಸಲ ಇಲ್ಲೇ ಮುಂದೆ ಹೋದ್ರಿ. ಹಿಂದು ಹಿಂದಕ್ಕೆ," ಎಂದರು ಅಲಮೇಲಮ್ಮ ಶಾಂತವಾಗಿ. "ಇವರು ಕರೆಯೋಣ ಅಂದ್ರು. ಅಷ್ಟು ಖುಷಿಯಾಗಿದ್ದಾರೆ, ಇರಲಿ ಬಿಡಿ ಅಂದೆ."

"ಆದ್ರೂ, ಹುಡುಗಿ ತಂದೇನ ಒಂದು ಮಾತು ಕೇಳದೆ..." ಎಂದರು ಸತ್ಯಮೂರ್ತಿಯವರು.

ಅಪೇಕ್ಷಾ ಗೋಡೆಯಿಂದಿಳಿದು ಬಂದಳು. ಅಪ್ಪನ ಕೈಯಿಂದ ಡಬ್ಬಿ ತೆಗೆದುಕೊಂಡು, ಒಳಗಿದ್ದ ಕನಕಾಂಬರ ನೋಡಿ ಅಚ್ಚರಿಪಟ್ಟು, ಅದನ್ನು ಮುಡಿದುಕೊಂಡಳು.

"ಕೇಳದೆ ಯಾರೂ ಒಪ್ಪಿಕೊಂಡಿಲ್ಲಪ್ಪ. ಮೂರನೇ ಸಲ ನೀವು ಹೋಗೋವಾಗ ಅಮ್ಮ ಎದ್ದು ನಿಂತು ಗಟ್ಟಿಯಾಗಿ ಕೂಗಿದ್ರು, ‘ರೀ, ಈ ಸಂಬಂಧ ನಿಮಗೆ ಒಪ್ಪಿಗೆ ತಾನೇ?’ ಅಂತ."

"ನಾನೇನಂದೆ?"

"ತಿರುಗಿ ಕೂಡ ನೋಡದೆ ಕೈ ಎತ್ತಿ, ‘ದೊಡ್ಡೋರು ಮಾತಾಡ್ತಾ ಇದೀವಿ, ಸ್ವಲ್ಪ ಸುಮ್ನೆ ಕೂತ್ಕೊಳಮ್ಮಾ!’ ಅಂದ್ರಿ. ಅದಕ್ಕೇ ನಾವೆಲ್ಲ ಸುಮ್ನೆ ಕೂತು ಮುಗಿಸಿಬಿಟ್ವಿ!"